ನೀಲಿ ಹೊಗೆ ಯಾವಾಗ ಬರುತ್ತದೆ?



ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಸುತ್ತಿನದು ಕಲ್ಲುಗುಡ್ಡಗಳ ಸೀಮೆ. ದಾರಿಯಲ್ಲಿ ಏರು ಇಳಿತ ಬೇಕಾದಷ್ಟು. ಅಲ್ಲೊಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ದಿಣ್ಣೆ ಇಳಿದು, ಕೆಳಗೆ ಚಾಲಕ ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಗುಪ್ಪೆಂದು ನೀಲಿ ಹೊಗೆ ಬಿಟ್ಟಿತು ಎಂದುಕೊಳ್ಳಿ. ನೋಡಿದವರು ಏನನ್ನುತ್ತಾರೆ? "ಇಂಜಿನ್ ಹೋಯ್ತು ಕಣಯ್ಯ, ಬೋರ್ ಮಾಡಿಸಬೇಕು." ಎಂದರೆ ಇಂಜಿನ್ ಇಳಿಸಿ, ಸಿಲಿಂಡರ್ ಕೊರೆಸಿ, ಪಿಸ್ಟನ್, ರಿಂಗು ಎಲ್ಲವನ್ನೂ ಹೊಸದಾಗಿ ಹಾಕಿಸುವುದು. ಆ ಖರ್ಚಿಗೆ ಹೆದರಿದವರು ಗಾಡಿಯನ್ನೇ ಗುಜರಿಗೆ ಹಾಕುತ್ತಾರೆ. ತಪ್ಪು ಒಂದು ಚಿಕ್ಕ ರಬ್ಬರ್ ಬಳೆಯದಾಗಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದುದರ ಗುರುತು. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುತ್ತಿರುವುದರ ಗುರುತು. ಆದರೆ ಆಯಿಲ್ ಎಲ್ಲಿಂದ ಬಂತು? ಇದಕ್ಕೆ ಉತ್ತರ ಬಣ್ಣದಲ್ಲಿಲ್ಲ, ಹೊಗೆ ಬರುವ ಹೊತ್ತಿನಲ್ಲಿದೆ.

ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ತಯಾರಿಕೆಯನ್ನು 2014ರಲ್ಲಿ ನಿಲ್ಲಿಸಿತು. ಬಹುಕಾಲ ಆ ಕಾರಿನಲ್ಲಿದ್ದುದು 1489 ಸಿ.ಸಿ.ಯ ಬ್ರಿಟಿಷ್ ವಿನ್ಯಾಸದ ಇಂಜಿನ್. ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ವಾಲ್ವಿನ ಕಾಂಡ ಗೈಡ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಜಾರುತ್ತದೆ. ಮೇಲುಗಡೆ ರಾಕರ್‌ಗಳ ಬಳಿ ಆಯಿಲ್ ಚಿಮ್ಮುತ್ತಿರುತ್ತದೆ. ಅದು ಗೈಡಿನ ಸಂದಿನಲ್ಲಿ ಇಳಿಯದಂತೆ ತಡೆಯುವುದೇ ವಾಲ್ವ್ ಸೀಲ್. ವರ್ಷಗಟ್ಟಲೆ ಕಾದು ಕಾದು ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ; ಮುಟ್ಟಿದರೆ ಹಳೆಯ ಗಾಜಿನ ಬಳೆಯಂತೆ ಪಟ್ಟನೆ ಮುರಿಯುತ್ತದೆ.

ಈಗ ದಿಣ್ಣೆ ಇಳಿಯುವ ಕಾರನ್ನು ನೆನೆಯಿರಿ. ಆಕ್ಸಿಲರೇಟರ್ ಬಿಟ್ಟಿದ್ದೀರಿ, ಗಾಳಿಯ ದಾರಿ ಮುಚ್ಚಿದೆ. ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಲೇ ಇವೆ. ಪಿಸ್ಟನ್ ಕೆಳಗಿಳಿದಾಗ ಒಳಬರುವ ದಾರಿಯಲ್ಲಿ ಒತ್ತಡ ತುಂಬ ಕುಸಿಯುತ್ತದೆ. ರಾಕರ್‌ಗಳ ಮೇಲಿರುವುದು ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡ. ಇಂಜಿನ್ ಆಯಿಲನ್ನು "ಹೀರಿತು" ಎನ್ನುವುದು ರೂಢಿ. ನಿಜವಾಗಿ ಮೇಲಿನ ಗಾಳಿಯೇ ಅದನ್ನು ಕೆಳಕ್ಕೆ ತಳ್ಳುತ್ತದೆ. ನೀವು ಸ್ಟ್ರಾ ಹಾಕಿ ಎಳನೀರು ಕುಡಿಯುವಾಗಲೂ ನಡೆಯುವುದು ಇದೇ. ಇಳಿದ ಆಯಿಲ್ ಮುಂದೆ ಆಕ್ಸಿಲರೇಟರ್ ಒತ್ತಿದಾಗ ಸುಡುತ್ತದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಗಳಿಗೆ ಹೊಗೆಯಾಡಿ ಸುಮ್ಮನಾದರೂ ಸೀಲಿನ ಮೇಲೆಯೇ ಅನುಮಾನ. ರಿಂಗು ಸವೆದಿದ್ದರೆ ಹೀಗಲ್ಲ. ದಿಣ್ಣೆ ಹತ್ತುವಾಗಲೂ ಹೊಗೆ ಬಿಡದೆ ಬರುತ್ತದೆ.

ಅನುಮಾನ ಸಾಲದು, ಪ್ರಯೋಗ ಬೇಕು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಿರಿ. ಅದು ಕಡಿಮೆಯಿದ್ದರೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಒತ್ತಡ ಏರಿದರೆ ರಿಂಗಿನದೇ ದೋಷ. ಮೊದಲ ಸಲವೇ ನಾಲ್ಕರಲ್ಲೂ ಸಮನಾಗಿ, ಚೆನ್ನಾಗಿ ಬಂದರೆ ಬೋರ್ ಮಾತಿಗೆ ಅವಸರವಿಲ್ಲ.

ಕೆಲವು ಇಂಜಿನ್‌ಗಳಲ್ಲಿ ಪ್ಲಗ್ಗಿನ ತೂತಿನಿಂದ ನೂಲಿನ ಹಗ್ಗ ತುಂಬಿ, ವಾಲ್ವ್ ಒಳಗೆ ಬೀಳದಂತೆ ಪಿಸ್ಟನ್ನಿಂದ ಒತ್ತಿಹಿಡಿದು, ಹೆಡ್ ಬಿಚ್ಚದೆಯೇ ಸೀಲ್ ಬದಲಿಸುತ್ತಾರೆ. ಸೊಗಸಾದ ಉಪಾಯ. ಆದರೆ ಈ ಅಂಬಾಸಿಡರ್ ಇಂಜಿನ್ನಿನಲ್ಲಿ ರಾಕರ್ ಹಿಡಿದಿರುವ ನಟ್ಟುಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿವೆ. ರೇಡಿಯೇಟರ್ ನೀರು ಇಳಿಸದೆ ಅವನ್ನು ಸಡಿಲಿಸಿದರೆ ನೀರು ಒಳಗೆ ಸೋರಬಹುದು, ಹೆಡ್ ಸೊಟ್ಟಗಾಗಬಹುದು. ಆದ್ದರಿಂದ ನೀರು ಇಳಿಸಿ, ಎಲ್ಲ ನಟ್ಟುಗಳನ್ನೂ ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಬಿಚ್ಚಿ, ಹೆಡ್ ತೆಗೆಯುವುದೇ ಮೇಲೆಂದು ನನ್ನ ಮತ. ಆಗ ಗೈಡನ್ನೂ ನೋಡಬಹುದು. ವಾಲ್ವನ್ನು ಅತ್ತಿತ್ತ ಅಲ್ಲಾಡಿಸಿ. ಗೈಡಿನಲ್ಲಿ ಸಡಿಲವಾಗಿ ಆಡಿದರೆ ಹೊಸ ಸೀಲೂ ಹೆಚ್ಚು ದಿನ ಬಾಳದು.

ಸೀಲ್ ಹಾಕುವುದರಲ್ಲೂ ಒಂದು ಸೂಕ್ಷ್ಮವಿದೆ. ಮೊದಲು ಸ್ಪ್ರಿಂಗನ್ನು ಅದುಮಿ ಹಿಡಿಯಬೇಕು. ಆಮೇಲೆ ಬಳೆಗೆ ಆಯಿಲ್ ಸವರಿ ವಾಲ್ವಿನ ಕಾಂಡಕ್ಕೆ, ಲಾಕ್ ಕೂರುವ ಗಾಡಿಯ ಕೆಳಗೆ ತೊಡಿಸಿ, ನಂತರ ಲಾಕ್ ಕೂರಿಸಬೇಕು. ಮೊದಲೇ ತೊಡಿಸಿದರೆ ಸ್ಪ್ರಿಂಗ್ ಅದುಮುವಾಗ ಬಳೆ ಜಾರಿ ಹರಿಯುತ್ತದೆ. ಹೊಸ ಗ್ಯಾಸ್ಕೆಟ್ ಇಟ್ಟು, ಟಾರ್ಕ್ ಸ್ಪ್ಯಾನರಿನಿಂದ ನಟ್ಟು ಬಿಗಿದು, ಟ್ಯಾಪೆಟ್ ಸೆಟ್ ಮಾಡಿ.

ಸೈಲೆನ್ಸರಿನಲ್ಲಿ ಉಳಿದ ಹಳೆಯ ಆಯಿಲ್ ಸುಟ್ಟುಹೋಗುವವರೆಗೆ ಒಂದೆರಡು ದಿನ ಹೊಗೆ ಬಂದೀತು, ಗಾಬರಿ ಬೇಡ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ನೋಡಿ ಬರೆದಿಟ್ಟುಕೊಳ್ಳಿ. ಅದೇ ದಿಣ್ಣೆ ಇಳಿಯುವಾಗ ಗೆಳೆಯನೊಬ್ಬನನ್ನು ಕೆಳಗೆ, ರಸ್ತೆಯ ಬದಿಯಲ್ಲಿ ನಿಲ್ಲಿಸಿ; ಕಾರಿನೊಳಗೆ ಕೂತವರಿಗೆ ಹಿಂದಿನ ಹೊಗೆ ಕಾಣುವುದಿಲ್ಲ.