ಉಪ್ಪಿನ ನಡುವೆ ಸಿಹಿನೀರು

(ಶತಮಾನೋತ್ಸವದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಸಮುದ್ರದ ದಡದಲ್ಲಿ ಬಾಳುವವರು ನೀರಿಗಾಗಿ ಕಷ್ಟಪಡುತ್ತಾರೆಂದರೆ ಪರಸ್ಥಳದವರು ನಂಬಲಾರರು. ಆದರೆ ಕಡಲನ್ನು ಎದುರಿಗಿಟ್ಟುಕೊಂಡೇ ಒಂದು ಕೊಡ ಸಿಹಿನೀರಿಗೆ ಪರದಾಡುವ ನಾಡು ನಮ್ಮ ದೇಶದಲ್ಲಿಯೇ ಇದೆ. ಅದು ತಮಿಳುನಾಡಿನ ರಾಮನಾಥಪುರ.

ಪಶ್ಚಿಮ ಘಟ್ಟಗಳು ನೈರುತ್ಯ ಮಾರುತವನ್ನು ತಡೆದು ನಮ್ಮ ದಕ್ಷಿಣ ಕನ್ನಡಕ್ಕೆ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಸುತ್ತವೆ. ಘಟ್ಟದ ಮರೆಯಲ್ಲಿರುವ ರಾಮನಾಥಪುರಕ್ಕೆ ದೊರೆಯುವುದು ಸುಮಾರು 800 ಮಿಲಿಮೀಟರು. ಅದರಲ್ಲಿಯೂ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆ ಮೂರು ತಿಂಗಳು ಕೈಕೊಟ್ಟರೆ ವರ್ಷವೇ ಕೈಕೊಟ್ಟಂತೆ. ವೈಗೈ ನದಿಯಾದರೋ ಅಲ್ಲಿ ವರ್ಷದ ಬಹುಭಾಗ ಬತ್ತಿರುತ್ತದೆ.

ನೆಲದಡಿಯ ನೀರೂ ಅನೇಕ ಕಡೆ ಉಪ್ಪು. ಕಡಲತೀರದಲ್ಲಿ ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತ ಸಿಹಿನೀರು, ಕೆಳಗೆ ಸುಮಾರು 40 ಅಡಿಗಳವರೆಗೆ ಉಪ್ಪನ್ನು ತಡೆಯಬಲ್ಲದೆಂಬುದು ಭೂಜಲ ಶಾಸ್ತ್ರದ ಲೆಕ್ಕ. ಆದುದರಿಂದ ಮಿತಿಮೀರಿ ನೀರೆತ್ತುವವನು ಉಪ್ಪನ್ನು ಮೇಲಕ್ಕೆ ಕರೆಯುತ್ತಾನೆ. ಕೆಡುವುದು ಅವನ ಬಾವಿಯಷ್ಟೇ ಅಲ್ಲ, ನೆರೆಯವನದೂ.

ಇಂತಹ ಕೊರತೆಯ ಭಾರ ಮೊದಲು ಬೀಳುವುದು ಹೆಂಗಸರ ಮೇಲೆ. ತಳ್ಳುಗಾಡಿಯಲ್ಲಿ ಕೊಡಗಳನ್ನಿಟ್ಟು ಅವರು ದೂರ ಸಾಗುತ್ತಾರೆ. ಬತ್ತಿದ ಹೊಳೆಯ ಮರಳಿನಲ್ಲಿ ಗುಂಡಿ ತೋಡಿ, ಒಸರುವ ನೀರನ್ನು ಚಿಪ್ಪಿನಿಂದ ಮೊಗೆಯುತ್ತಾರೆ. ತಾಯಿಯ ಕೈಗೆ ನೆರವಾಗಲೆಂದು ಮಗಳ ಪಾಠ ತಪ್ಪುತ್ತದೆ. ಕೂಲಿಯ ಒಂದು ಭಾಗ ನೀರು ಕೊಳ್ಳಲು ಹೋಗುತ್ತದೆ. ಬೆಳೆ ಒಣಗಿದ ಹೊಲಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿದಾಗ, ಅದನ್ನು ಕಡಿದು ಇದ್ದಲು ಸುಡುವುದೇ ಎಷ್ಟೋ ಮಂದಿಗೆ ಜೀವನೋಪಾಯವಾಯಿತು.

ಆ ಜನರ ಪೂರ್ವಿಕರು ಕೈಕಟ್ಟಿ ಕುಳಿತವರಲ್ಲ. ಕೃಷಿಗೆ ಕಣ್ಮಾಯ್ ಎಂಬ ಕೆರೆ, ಕುಡಿಯಲು ಊರಣಿ ಎಂಬ ಕೊಳ, ಹೀಗೆ ಬೇರೆಬೇರೆಯಾಗಿ ತೋಡಿದರು. ಊರಣಿಗೆ ದನ ಇಳಿಯಬಾರದು, ಅಲ್ಲಿ ಬಟ್ಟೆ ಒಗೆಯಬಾರದು. ಹೂಳು ತೆಗೆಯುವುದು ಊರವರೆಲ್ಲರ ಹೊಣೆ. ಮುಂದೆ ಕಾವೇರಿಯ ನೀರು ಕೊಳವೆಯಲ್ಲಿ ಬಂದುದು ದೊಡ್ಡ ಉಪಕಾರವೇ. ಆದರೆ ನಲ್ಲಿ ಬಂದಿತೆಂದು ಊರಣಿಯನ್ನು ಮರೆತ ಹಳ್ಳಿಗೆ, ನಲ್ಲಿ ನಿಂತ ದಿನ ಬೇರೆ ಗತಿಯಿಲ್ಲ.

ಅದು ಒಣನಾಡಿನ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಅವರಿಗಿಂತ ನಾಲ್ಕು ಪಟ್ಟು ಮಳೆ ಕಾಣುವ ನಮ್ಮಲ್ಲಿಯೂ, 2019ರ ಬೇಸಿಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ತಗ್ಗಿ, ಮಂಗಳೂರಿಗೆ ಸರದಿಯ ಮೇಲೆ ನೀರು ಹಂಚಬೇಕಾಯಿತು. ಮಳೆಯ ಅಳತೆಯೊಂದೇ ಬಾಳನ್ನು ಕಾಯದು. ಬಿದ್ದ ಮಳೆಯನ್ನು ನಿಲ್ಲಿಸಿಕೊಳ್ಳುವ ಬುದ್ಧಿಯೂ ಬೇಕು.

ಆದುದರಿಂದ ಹಿರಿಯರು ತೋಡಿದ ಬಾವಿಗಳನ್ನು ಕಸ ತುಂಬಿ ಮುಚ್ಚದಿರೋಣ. ಮಾಡಿನ ನೀರನ್ನು ಚರಂಡಿಗೆ ಬಿಡದೆ ಇಂಗಿಸೋಣ. ಬೇಸಿಗೆಗೆ ಮುನ್ನ ತೋಡುಗಳಿಗೆ ಅಡ್ಡವಾಗಿ ಕಟ್ಟ ಕಟ್ಟುತ್ತಿದ್ದ ವಾಡಿಕೆಯನ್ನು ಮತ್ತೆ ಆರಂಭಿಸೋಣ. ಕಡಲ ಸಮೀಪದ ಕೊಳವೆಬಾವಿಗಳಿಗೆ ಮಿತಿ ಹಾಕಿಕೊಳ್ಳೋಣ. ನೆಲದಡಿಯ ನೀರಿಗೆ ಬೇಲಿಯಿಲ್ಲ, ಜಾತಿಮತವಿಲ್ಲ. ಅದು ಉಳಿದರೆ ಎಲ್ಲರಿಗೂ ಉಳಿಯುತ್ತದೆ, ಕೆಟ್ಟರೆ ಎಲ್ಲರಿಗೂ ಕೆಡುತ್ತದೆ. ಬರುವ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಮನೆಯೂ ತನ್ನ ಅಂಗಳದಲ್ಲಿ ಒಂದು ಇಂಗುಗುಂಡಿಯನ್ನಾದರೂ ತೋಡಲಿ ಎಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.