ಕಾರಿನ ತಂಪು ಸೋರುವುದೆಲ್ಲಿ?

ಶ್ರೋತೃಗಳೇ, ಕನ್ನಡ ಪಂಡಿತನಿಗೂ ಕಾರಿನ ಎ.ಸಿ.ಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವನ್ನು ಹುಡುಕಿಕೊಂಡು ಹೋದವನು ನಾನಲ್ಲ. ಅದೇ ನನ್ನ ಜೇಬಿನ ದಾರಿ ಹಿಡಿದು ಬಂದಿತು.

ನಮ್ಮ ಮನೆಯಲ್ಲಿ ಒಂದು ಹಳೆಯ ಸಣ್ಣ ಕಾರಿದೆ. ಒಂದು ಚೈತ್ರದ ಬಿಸಿಲಿನಲ್ಲಿ, ಎಂಬತ್ತು ದಾಟಿದ ನಮ್ಮ ತಾಯಿಯವರನ್ನು ಕೂರಿಸಿಕೊಂಡು ಚಿತ್ರದುರ್ಗದಿಂದ ಬಳ್ಳಾರಿಗೆ ಮದುವೆಗೆ ಹೊರಡಬೇಕಾಗಿತ್ತು. ಎ.ಸಿ.ಯಲ್ಲಿ ತಂಪಿಲ್ಲ. ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. “ಗ್ಯಾಸು ಕಮ್ಮಿಯಾಗಿದೆ ಮೇಷ್ಟ್ರೇ, ಎಲ್ಲೋ ಸೋರ್ತಾ ಇದೆ. ಹುಡುಕೋಕೆ ಅರ್ಧ ದಿನ ಬಿಡಿ” ಎಂದ. “ಅದನ್ನು ಆಮೇಲೆ ನೋಡೋಣಪ್ಪ, ಈಗ ತುಂಬಿಸಿಬಿಡು” ಎಂದೆ. ತುಂಬಿಸಿದ. ಮೂರು ತಿಂಗಳಿಗೆ ಮತ್ತೆ ಬಿಸಿಗಾಳಿ, ಮತ್ತೆ ತುಂಬಿಸಿದ್ದಾಯಿತು. ಮರುವರ್ಷ ಅದೇ ದಾರಿಯಲ್ಲಿ, ಚಳ್ಳಕೆರೆ ದಾಟಿದ ಮೇಲೆ, ಕಂಪ್ರೆಸರ್ ಕಿರುಗುಟ್ಟಿ ಕೆಟ್ಟಿತು. ತಾಯಿಯವರಿಗೆ ತಲೆ ಸುತ್ತಿ ಬಂದು, ಹುಣಿಸೆಮರದ ನೆರಳಿನಲ್ಲಿ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಕೊಡದೆ ಉಳಿಸಿದ ಆ ಅರ್ಧ ದಿನ ನನಗೆ ಆಗ ನೆನಪಾಯಿತು.

ಈ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮೈಯೊಳಗಿನ ರಕ್ತದಂತೆ ಒಂದೇ ಸುತ್ತಿನಲ್ಲಿ ಹರಿಯುತ್ತಿರುತ್ತದೆ. ಸಣ್ಣ ಕಾರಿನಲ್ಲಿ ಇರುವುದೇ ಸುಮಾರು ಅರ್ಧ ಕಿಲೋ. ರಬ್ಬರು ಕೊಳವೆಗಳ ಮೂಲಕ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಜಿನುಗುವುದು ಸಹಜ. ತಿಂಗಳುಗಳಲ್ಲಿ ಬರಿದಾದರೆ ಎಲ್ಲೋ ತೂತಿದೆಯೆಂದೇ ಅರ್ಥ. ಕಂಪ್ರೆಸರಿಗೆ ಜಾರುವಿಕೆ ಕೊಡುವ ಎಣ್ಣೆಯೂ ಗ್ಯಾಸಿನೊಡನೆಯೇ ಸುತ್ತುತ್ತದೆ. ತೂತಿನಿಂದ ಅದೂ ಹೋಗುತ್ತದೆ. ನಾವು ಗ್ಯಾಸನ್ನು ಮಾತ್ರ ತುಂಬಿಸುತ್ತ ಹೋದರೆ ಯಂತ್ರ ಒಣಗಿ ಸವೆಯುತ್ತದೆ. ನಮ್ಮ ಕಾರಿಗೆ ಆದದ್ದು ಇದೇ.

ಈ ಗ್ಯಾಸಿಗೆ ಬಣ್ಣವಿಲ್ಲ, ಮೂಗಿಗೆ ಹತ್ತುವ ವಾಸನೆಯೂ ಇಲ್ಲವೆನ್ನಬಹುದು. ಹಾಗಾದರೆ ಹುಡುಕುವುದು ಹೇಗೆ? ಶಿಷ್ಯ ಗುರುವಾದ, ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ.

ಮೊದಲ ಉಪಕರಣ ಕಣ್ಣು. ಗ್ಯಾಸು ಹೊರಟಲ್ಲಿ ಎಣ್ಣೆಯೂ ಒಸರಿ, ಅದಕ್ಕೆ ಧೂಳು ಮೆತ್ತಿ ಜಿಡ್ಡಿನ ಕಲೆಯಾಗಿರುತ್ತದೆ. ಕೊಳವೆಗಳ ಸಂದು, ಗ್ಯಾಸು ತುಂಬುವ ವಾಲ್ವು, ಕಂಪ್ರೆಸರಿನ ಮುಂಭಾಗ, ಕಾರಿನ ಮುಂದೆ ಕಲ್ಲಿನೇಟಿಗೆ ಒಡ್ಡಿಕೊಂಡಿರುವ ಕಂಡೆನ್ಸರ್, ಇವನ್ನು ಮೊದಲು ನೋಡಬೇಕು.

ಎರಡನೆಯದು ಸೋಬಾನಿನ ನೀರು. ಒಳಗೆ ಒತ್ತಡವಿದ್ದಾಗ ಅನುಮಾನವಿದ್ದಲ್ಲಿ ಹಚ್ಚಿದರೆ, ಸಾಕಷ್ಟು ದೊಡ್ಡ ತೂತು ಗುಳ್ಳೆ ಎಬ್ಬಿಸಿ ತನ್ನ ವಿಳಾಸ ಹೇಳುತ್ತದೆ. ಒಳಗೆ ಗ್ಯಾಸೇ ಇಲ್ಲದಿದ್ದರೆ ಒತ್ತಡಕ್ಕೆ ಒಣ ನೈಟ್ರೋಜನ್ ತುಂಬುತ್ತಾರೆ. ಟೈರಿಗೆ ಹಾಕುವ ಗಾಳಿಯನ್ನು ಒತ್ತುವುದು ಅಪಾಯ.

ಮೂರನೆಯದು ಮೂಸುವ ಯಂತ್ರ. ಗ್ಯಾಸು ಸಿಕ್ಕಿದರೆ ಚಿರ್ರೆನ್ನುತ್ತದೆ. ಈ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ಸಂದಿನ ಕೆಳಗಡೆ ಮೂತಿಯಿಟ್ಟು ನಿಧಾನವಾಗಿ ಸರಿಸಬೇಕು, ಫ್ಯಾನು ನಿಂತಿರಬೇಕು. ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುವ ಇವ್ಯಾಪರೇಟರನ್ನು ಬಿಚ್ಚದೆಯೇ, ಅದರ ನೀರು ಹೊರಹೋಗುವ ಕೊಳವೆಯ ಬಾಯಲ್ಲಿ ಮೂಸಿ ನೋಡುತ್ತಾರೆ.

ಇಷ್ಟಕ್ಕೂ ಸಿಗದಿದ್ದರೆ ಎಣ್ಣೆಗೆ ಬಣ್ಣ ಬೆರೆಸಿ ಕೆಲವು ದಿನ ಕಾರು ಓಡಿಸುವುದು. ಆಮೇಲೆ ಅತಿನೇರಳೆ ದೀಪ ಹಿಡಿದು ಹಳದಿ ಕನ್ನಡಕದಲ್ಲಿ ನೋಡಿದರೆ, ಸೋರಿದ ಜಾಗ ಹಸಿರು ಹಳದಿಯಾಗಿ ಹೊಳೆಯುತ್ತದೆ.

ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಸೆಳೆದು ಗೇಜಿನ ಮುಳ್ಳು ನಿಂತಲ್ಲೇ ನಿಂತಿತೆಂದರೆ ಸೋರಿಕೆಯಿಲ್ಲವೆಂದು ಕೆಲವರು ತೀರ್ಪು ಕೊಡುವುದುಂಟು. ಅದನ್ನೇ ನಂಬಬಾರದು. ಒಳಕ್ಕೆ ಸೆಳೆದಾಗ ಮುಚ್ಚಿಕೊಳ್ಳುವ ಬಿರುಕು, ಹೊರಕ್ಕೆ ಒತ್ತಿದಾಗ ಬಾಯಿ ತೆರೆಯಬಹುದು.

ನಮ್ಮ ಕಾರಿನಲ್ಲಿ ಯಂತ್ರ ಚಿರ್ರೆಂದದ್ದು ಕಂಡೆನ್ಸರಿನ ಕೆಳಮೂಲೆಯಲ್ಲಿ. ಸೋಬಾನು ಹಚ್ಚಿದರೆ ಸಾಸಿವೆಯಷ್ಟು ಗುಳ್ಳೆಗಳು. ಯಾವುದೋ ಜಲ್ಲಿಕಲ್ಲಿನ ಪೆಟ್ಟು. ಕಂಡೆನ್ಸರ್ ಒಂದರಲ್ಲೇ ಮುಗಿಯಬಹುದಾಗಿದ್ದ ಖರ್ಚಿಗೆ ಕಂಪ್ರೆಸರೂ ಸೇರಿ, ಸಂಬಳದ ದೊಡ್ಡ ಪಾಲು ಹೋಯಿತು.

ನಷ್ಟ ಜೇಬಿಗೆ ಮಾತ್ರವಲ್ಲ. ಹಿಂದೆ ಕಾರುಗಳಲ್ಲಿದ್ದ ಆರ್-೧೨ ಆಕಾಶದ ಓಜೋನ್ ಪದರವನ್ನು ಕೆಡಿಸುವುದೆಂದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅದನ್ನು ಕೈಬಿಡಲಾಯಿತು. ಅದರ ಸ್ಥಾನಕ್ಕೆ ಬಂದ ಆರ್-೧೩೪ಎ ಓಜೋನಿಗೆ ಕೇಡು ಮಾಡದು. ಆದರೆ ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷದ ಲೆಕ್ಕದಲ್ಲಿ, ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ನಮ್ಮ ಕಾರನ್ನು ತಂಪು ಮಾಡಲು ತುಂಬಿಸಿದ್ದು ಸೋರಿ ಊರನ್ನೇ ಕಾಯಿಸುವುದೆಂದರೆ, ಅದಕ್ಕಿಂತ ವಿಪರೀತ ಉಂಟೇ?

ಆದ್ದರಿಂದ ಗ್ಯಾರೇಜಿನಲ್ಲಿ ಮೂರು ಮಾತು ಕೇಳಿ: ಸೋರಿದ್ದೆಲ್ಲಿ? ಯಾವುದರಿಂದ ಪರೀಕ್ಷೆ ಮಾಡಿದಿರಿ? ಎಷ್ಟು ಗ್ರಾಂ ತುಂಬಿದಿರಿ? ಗ್ಯಾಸಿನ ಜಾತಿ ಮತ್ತು ತೂಕ ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಅಗ್ಗವೆಂದು ಅಡಿಗೆ ಗ್ಯಾಸು ತುಂಬಿಸಲು ಒಪ್ಪಬೇಡಿ. ಅದು ಬೆಂಕಿಗೆ ಆಹ್ವಾನ. ಮನೆಯಲ್ಲಿ ತಾವೇ ಬಿಚ್ಚಲೂ ಹೋಗಬೇಡಿ. ಚಿಮ್ಮಿದ ದ್ರವ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಸಂಚಕಾರ.

ಸಂಧಿ ತಪ್ಪಿದ ಹುಡುಗರಿಂದ ಹತ್ತು ಹತ್ತು ಸಲ ಬರೆಸಿದವನು ನಾನು. “ಎಲ್ಲಿ ತಪ್ಪುತ್ತದಪ್ಪ ನಿನಗೆ?” ಎಂದು ಪಕ್ಕದಲ್ಲಿ ಕುಳಿತು ಕೇಳಿದ್ದು ಕಡಿಮೆ. ಈ ಮೆಕ್ಯಾನಿಕ್ಕನಿಂದಲೂ ಬರೆಸಿದ್ದೆನಂತೆ. ಅವನೇ ನಗುತ್ತ ಹೇಳಿದ. ಈಗ ತರಗತಿಯಲ್ಲಿ ಮೊದಲು ಕೇಳುತ್ತೇನೆ, ಆಮೇಲೆ ಬರೆಸುತ್ತೇನೆ.

ಕಳೆದ ಬೇಸಗೆಯಲ್ಲಿ ಮತ್ತೆ ಬಳ್ಳಾರಿಗೆ ಹೋಗಿದ್ದೆವು. ಚಳ್ಳಕೆರೆ ದಾಟಿದ ಮೇಲೆ ತಾಯಿಯವರು ಶಾಲು ಹೊದ್ದುಕೊಂಡು, “ಸ್ವಲ್ಪ ಕಡಿಮೆ ಮಾಡೋ, ಚಳಿ” ಎಂದರು.