ಕುಲ್ಕುಂದದ ದನದ ಜಾತ್ರೆ



ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ ಬಸದಿಯ ಚರಿತ್ರೆಯೊಡನೆ, ಬಸದಿಯನ್ನು ಪೋಷಿಸಿದ ಬೇಸಾಯದ ಸ್ಮರಣೆಯೂ ಉಚಿತವೇ ಆಗಿದೆ. ತುಳುನಾಡಿನ ಜೈನ ಮನೆತನಗಳು ಬಹುಮಟ್ಟಿಗೆ ಕೃಷಿಯನ್ನೇ ನೆಚ್ಚಿದ್ದವು. ಅಷ್ಟವಿಧಾರ್ಚನೆಯ ಅಕ್ಷತೆಯೂ ಚರುವೂ ಗದ್ದೆಯ ಅಕ್ಕಿಯಿಂದಲೇ ಆಗಬೇಕಿತ್ತು. ಗದ್ದೆಗೆ ಎತ್ತು ಬೇಕಿತ್ತು. ಆ ಎತ್ತುಗಳು ದೊರೆಯುತ್ತಿದ್ದ ಸ್ಥಳಗಳಲ್ಲಿ ಕುಲ್ಕುಂದದ ಜಾತ್ರೆ ಹೆಸರುವಾಸಿಯಾದುದು.

ಕುಲ್ಕುಂದವು ದಕ್ಷಿಣ ಕನ್ನಡ ಜಿಲ್ಲೆಯ ಸುಬ್ರಹ್ಮಣ್ಯಕ್ಕೆ ಹತ್ತಿರದ ಊರು. ಬಿಸಿಲೆ ಘಾಟಿಯ ದಾರಿ ಮಲೆಯಿಳಿದು ಬಂದು ಮುಟ್ಟುವುದು ಇಲ್ಲಿಗೇ. ಚಂಪಾಷಷ್ಠಿಯ ಉತ್ಸವಕಾಲದಲ್ಲಿ ಇಲ್ಲಿ ದನಗಳ ದೊಡ್ಡ ಜಾತ್ರೆ ನೆರೆಯುತ್ತಿತ್ತು. ಆಗ ಏಣೆಲು ಕೊಯ್ಲು ಮುಗಿದು ಸುಗ್ಗಿ ಬೆಳೆಗೆ ಗದ್ದೆ ಹದಮಾಡುವ ಸಮಯ; ರೈತನಿಗೆ ಎತ್ತಿನ ಅಗತ್ಯ ಬಿದ್ದಾಗಲೇ ಜಾತ್ರೆ ಕೂಡುತ್ತಿತ್ತು. 1956ರವರೆಗೆ ಘಟ್ಟದ ಮೇಲಿನದು ಮೈಸೂರು, ಕೆಳಗಿನದು ಮದರಾಸು. ಆದರೆ ಕರಾವಳಿಯ ನಾಟಿ ದನ ಗಾತ್ರದಲ್ಲಿ ಚಿಕ್ಕದು. ನೇಗಿಲಿಗೆ ಬಲವಾದ ಜೋಡಿ ಬೇಕೆಂದವನ ಕಣ್ಣು ಘಟ್ಟದ ಕಡೆಗೇ. ಎರಡು ಸೀಮೆಗಳ ನಡುವಣ ಗಡಿಯನ್ನು ಎತ್ತುಗಳು ಎಣಿಸಲಿಲ್ಲ.

ದನದ ವ್ಯಾಪಾರವೇ ಒಂದು ವಿದ್ಯೆ. ಬಾಯಿ ತೆರೆದು ಹಲ್ಲೆಣಿಸಿ ವಯಸ್ಸು ತಿಳಿಯಬೇಕು, ಸುಳಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಿ ಗೊರಸು ಪರೀಕ್ಷಿಸಬೇಕು. ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ದಲ್ಲಾಳಿಯು ಕೈಯ ಮೇಲೆ ವಸ್ತ್ರ ಹೊದೆಸಿ, ಕೊಳ್ಳುವವನ ಬೆರಳು ಹಿಡಿದು ಸಂಖ್ಯೆ ತಿಳಿಸುವುದು ದನದ ಜಾತ್ರೆಗಳ ವಾಡಿಕೆ. ಹತ್ತು ಜನ ಸುತ್ತ ನಿಂತು ನೋಡುತ್ತಿದ್ದರೂ ಬೆಲೆ ಇಬ್ಬರಿಗೇ ಗೊತ್ತು!

ಶ್ರಾವಕನಾದ ಬೇಸಾಯಗಾರನಿಗೆ ಇಲ್ಲಿ ವ್ಯಾಪಾರದ ಚಾತುರ್ಯಕ್ಕಿಂತ ದೊಡ್ಡ ಪರೀಕ್ಷೆಯೊಂದಿತ್ತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟಿ ಬಾಧಿಸುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅತಿಭಾರ ಹೊರಿಸುವುದು, ಮೇವು ನೀರು ತಡೆಯುವುದು – ಇವನ್ನು ಓದಿದರೆ ಎತ್ತಿನ ಹಟ್ಟಿಯನ್ನೇ ಕಣ್ಣಮುಂದಿಟ್ಟುಕೊಂಡು ಹೇಳಿದಂತೆ ತೋರುತ್ತದೆ. ಹಗ್ಗವಿಲ್ಲದೆ, ಮೂಗುದಾರವಿಲ್ಲದೆ ಉಳುಮೆಯಿಲ್ಲ. ಆದುದರಿಂದ ಎಷ್ಟು ಸಾಕು ಎಂಬುದನ್ನು ಪ್ರತಿದಿನವೂ ಮನೆಯ ಯಜಮಾನನೇ ನಿರ್ಣಯಿಸಬೇಕಾಗಿತ್ತು. ಮೇವು, ನೀರು, ವಿಶ್ರಾಂತಿಗಳ ವಿಷಯದಲ್ಲಿ ಎಚ್ಚರ ವಹಿಸುವುದು ಕಷ್ಟವಲ್ಲ. ಕಷ್ಟವಾದುದು, ನೊಗಕ್ಕೆ ಒಗ್ಗದ ಮುದಿ ಎತ್ತಿನ ಗತಿ. ಮನೆಯಲ್ಲೇ ಇಟ್ಟು ಸಾಯುವತನಕ ಸಾಕುವುದಕ್ಕೆ ಹುಲ್ಲೂ ಬೇಕು, ಮನಸ್ಸೂ ಬೇಕು. ಮಾರಿದರೆ ಅದು ಕೈಯಿಂದ ಕೈಗೆ ದಾಟಿ ಎಲ್ಲಿಗೆ ಹೋದೀತೆಂದು ಮಾರಿದವನು ಹೇಳಲಾರ. ವಸ್ತ್ರದೊಳಗಿನ ಬೆರಳು ಬೆಲೆಯನ್ನಷ್ಟೇ ತಿಳಿಸುತ್ತಿತ್ತು.

ಕಾಲ ಬದಲಾಯಿತು. 1974ರ ಭೂಸುಧಾರಣೆಯಿಂದ ಗೇಣಿಯ ಗದ್ದೆಗಳು ಉಳುವವರ ಪಾಲಾದವು; ಅನೇಕ ದೊಡ್ಡ ಮನೆಗಳ ಬೇಸಾಯ ಕಿರಿದಾಯಿತು. ಟಿಲ್ಲರು, ಟ್ರಾಕ್ಟರುಗಳು ಬಂದವು. ಗದ್ದೆಗಳು ಅಡಕೆ ತೋಟಗಳಾದವು. ಕೊಳ್ಳುವವರಿಲ್ಲದೆ ಕುಲ್ಕುಂದದ ಜಾತ್ರೆಯೂ ಗತಕಾಲದ ಮಾತಾಯಿತು.

ನೆನಪು ಮಾತ್ರ ಹಿರಿಯರಲ್ಲಿ ಉಳಿದಿದೆ. ಜಾತ್ರೆಯಿಂದ ತಂದ ಜೋಡಿಯ ಬಣ್ಣ, ಕೋಡಿನ ತಿರುವು, ಕೊಟ್ಟ ಬೆಲೆ ಎಲ್ಲವನ್ನೂ ಅವರು ಇಂದಿಗೂ ಉತ್ಸಾಹದಿಂದ ವರ್ಣಿಸುತ್ತಾರೆ. ಆ ಜೋಡಿ ಮುದಿಯಾದ ಮೇಲೆ ಏನಾಯಿತೆಂದು ಕೇಳಿದರೆ, ಹಟ್ಟಿಯಲ್ಲೇ ಸತ್ತಿತೆಂದು ಕೆಲವರು ಕೂಡಲೇ ಹೇಳುತ್ತಾರೆ. ಉಳಿದವರ ಮಾತು ಮಳೆಯ ಕಡೆಗೋ ಅಡಕೆಯ ಧಾರಣೆಯ ಕಡೆಗೋ ಹೊರಳುತ್ತದೆ.